ಬೈಂಡಿಂಗ್ ಬೇಡ ಎಂದವಳು

ಬೈಂಡಿಂಗ್ ಅಂದರೆ ನನಗೆ ಗೊತ್ತಿದ್ದದ್ದು ಒಂದೇ, ಶಾಲೆ ಶುರುವಾಗುವ ಮುಂಚೆ ಪುಸ್ತಕಗಳಿಗೆ ಬ್ರೌನ್ ಪೇಪರ್ ಹಾಕುವುದು. ಹಾಗಾಗಿ ಮಗಳು ಅಮೆರಿಕದ ಕಾಲೇಜಿನ ಅರ್ಜಿ 'ಬೈಂಡಿಂಗ್' ಎಂದಾಗ, ಆಕ್ಲೆಂಡಿನ ನಮ್ಮ ಒನೆಹುಂಗಾದ ಅಂಗಡಿಯಿಂದ ಪೇಪರ್ ತರಲೇನೆ ಎಂದು ಕೇಳಿದೆ. ಅಪ್ಪ ಮಗಳಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಎಲ್ಲರಿಗಿಂತ ಮುಂಚೆ ಅರ್ಜಿ ಹಾಕಲು ಎರಡು ದಾರಿಗಳಿದ್ದವು. ಒಂದರಲ್ಲಿ, ಅವರು ಸೀಟು ಕೊಟ್ಟರೆ ಹೋಗಲೇಬೇಕು, ಅದೇ ಬೈಂಡಿಂಗ್. ಇನ್ನೊಂದರಲ್ಲಿ ಉತ್ತರ ಬೇಗ ಬರುತ್ತದೆ, ಆದರೆ ಏಪ್ರಿಲ್ ಕೊನೆಯವರೆಗೂ ಒಪ್ಪುವುದು ಬಿಡುವುದು ನಮ್ಮಿಷ್ಟ. ಅವಳು ಮೆಚ್ಚಿದ ಎರಡು ಕಾಲೇಜುಗಳಲ್ಲಿ ಒಂದರದು ಆ ದಾರಿ, ಇನ್ನೊಂದರದು ಈ ದಾರಿ. ಅವಳಿಗೆ ಬೇಕಿದ್ದದ್ದು ಬೈಂಡಿಂಗ್ ಇದ್ದ ಕಾಲೇಜು. ಅದಕ್ಕೆ ನಮ್ಮ ಸಹಿಯೂ ಬೇಕಿತ್ತು.

"ನಾನು ಹಾಕಲ್ಲ" ಎಂದೆ.

"ಮಮ್! ಐ ನೋ ವಾಟ್ ಐ ವಾಂಟ್!"

"ಹದಿನೇಳು ವರ್ಷಕ್ಕೆ ಏನೇ ಗೊತ್ತಿರತ್ತೆ ನಿಂಗೆ? ನಾಳೆ ಮನಸ್ಸು ಬದಲಾದ್ರೆ?"

ಅವಳ ಕೋಣೆಯ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಆಗಷ್ಟೇ ಪೆನ್‌ರೋಸಿನ ಫ್ಯಾಕ್ಟರಿಯಿಂದ ಬಂದಿದ್ದ ನಮ್ಮ ಯಜಮಾನರು, "ಪಾಪ, ಆಸೆಪಡ್ತಿದೆ ಮಗು. ಹಾಕಬಾರ್ದಾ?" ಎಂದರು. ನಾನು ಅವರ ಮೇಲೂ ಹರಿಹಾಯ್ದೆ.

ಯಾಕೆಂದು ಅವರಿಗೂ ಗೊತ್ತಿತ್ತು. ಮೈಸೂರಿನಲ್ಲಿ ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ನಮ್ಮಪ್ಪ ಒಂದು ಸಂಜೆ ಮನೆಗೆ ಬಂದು, "ಮಾತು ಕೊಟ್ಟು ಬಂದಿದೀನಿ" ಎಂದರು. ಓದು ಅಲ್ಲಿಗೇ ನಿಂತಿತು. ಸಿಕ್ಕವರು ಒಳ್ಳೆಯವರು, ಆ ಮಾತು ಬೇರೆ. ಆದರೆ ನನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಆ ಸಿಟ್ಟು ನನ್ನಲ್ಲಿ ಹಾಗೇ ಇತ್ತು.

ಮಗಳು ಮುಖ ಊದಿಸಿಕೊಂಡೇ ಎರಡನೆಯ ಕಾಲೇಜಿಗೆ ಅರ್ಜಿ ಹಾಕಿದಳು. ಡಿಸೆಂಬರಿನಲ್ಲಿ, ಫೋನ್ ಲೈನಿಗೆ ಕಂಪ್ಯೂಟರ್ ಸಿಕ್ಕಿಸಿ ಮೇಲ್ ನೋಡಿದರೆ, ಸೀಟು ಸಿಕ್ಕಿತ್ತು. ಕುಣಿದಾಡಿಬಿಟ್ಟಳು.

ಅಲ್ಲಿ ತರಗತಿ ಶುರುವಾಗುವುದು ಸೆಪ್ಟೆಂಬರಿನಲ್ಲಿ. ಇಲ್ಲಿ ಶಾಲೆ ಡಿಸೆಂಬರಿಗೇ ಮುಗಿದಿತ್ತು, ಅಲ್ಲಿಯವರೆಗೆ ಸುಮ್ಮನೆ ಕೂರುವುದೇಕೆ ಎಂದು ಮಾರ್ಚಿನಲ್ಲಿ ಆಕ್ಲೆಂಡಿನ ಯೂನಿವರ್ಸಿಟಿಗೆ ಸೇರಿದಳು. ನನ್ನ ಸಂಕಟ ಶುರುವಾದದ್ದೇ ಅಲ್ಲಿಂದ. ಬಸ್ಸು ಹತ್ತಿ ಹೋಗುತ್ತಾಳೆ, ಗೆಳತಿಯರಾಗಿದ್ದಾರೆ, ಸಂಜೆ ನಗುತ್ತಾ ಮನೆಗೆ ಬರುತ್ತಾಳೆ. ಇಲ್ಲೇ ಉಳಿದುಬಿಡಬಹುದಲ್ಲ! ಅವಳಿಗಿಷ್ಟವೆಂದು ವಾರಕ್ಕೆರಡು ಸಲ ಬಿಸಿಬೇಳೆ ಬಾತ್ ಮಾಡಿದೆ. ಬೈಂಡಿಂಗ್ ಆಗಿದ್ದರೆ ಡಿಸೆಂಬರಿನಲ್ಲೇ ಅತ್ತು ಮುಗಿಸಿರುತ್ತಿದ್ದೆ. ಬೇಡವೆಂದು ಹಟ ಹಿಡಿದು, ಆಸೆ ಇಟ್ಟುಕೊಂಡು ಒದ್ದಾಡಿದವಳು ನಾನೇ.

ಏಪ್ರಿಲಿನಲ್ಲಿ ಹಿತ್ತಲಿನ, ಸೀಬೆಯಂಥ ಫೀಜೋವಾ ಹಣ್ಣುಗಳು ತಾವಾಗಿಯೇ ಉದುರುತ್ತವೆ. ಒಂದು ಭಾನುವಾರ ಇಬ್ಬರೂ ಆಯುತ್ತಿದ್ದೆವು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅವತ್ತು ಕನ್ನಡದಲ್ಲಿ ಹೇಳಿದಳು.

"ಅಮ್ಮಾ, ನೀನು ಬೇಡ ಅಂದ್ರೆ ನಾನು ಹೋಗಲ್ಲ."

ಬೇಡ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಬಾಯಲ್ಲಿ ಇದನ್ನು ಕೇಳಲು ಮಾರ್ಚಿನಿಂದ ಕಾದಿದ್ದೆ, ದೇವರಾಣೆ.

"ನನ್ನೇನೇ ಕೇಳ್ತೀಯ? ನಿಂಗೆ ಹೋಗ್ಬೇಕು ಅನ್ಸತ್ತೋ ಇಲ್ವೋ?"

"ಅನ್ಸತ್ತೆ."

"ಹಾಗಾದ್ರೆ ಹೋಗು."

ಓಡಿಬಂದು ತಬ್ಬಿಕೊಂಡಳು. ಸೆರಗಿನಲ್ಲಿದ್ದ ಹಣ್ಣೆಲ್ಲ ನೆಲದ ಪಾಲಾಯಿತು.

ಕಾಲೇಜಿಗೆ ಉತ್ತರ ಕಳಿಸಲು ಇನ್ನೂ ಒಂದು ವಾರ ಇತ್ತು. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ.