ಕಾಲಿಗೆ ಬೀಳೋ ಪಾಠ

ಸುಡಾನಿಂದ ಬಂದ ಆರಡಿ ಎತ್ತರದ ಹುಡುಗನಿಗೆ ಕಾಲೇಜು ಪ್ರಿನ್ಸಿಪಾಲರ ಕಾಲಿಗೆ ಬೀಳೋದು ಹೇಗೆ ಅಂತ ಕಲಿಸಿದ ಪುಣ್ಯಾತ್ಮ ನಾನೇ. ಪ್ರಾಕ್ಟೀಸ್ ಬೇರೆ ಮಾಡಿಸಿದ್ದೆ, ನನ್ನ ಕಾಲ ಮೇಲೇ.

ಬಾಂಬೆಯ ದಾದರ್ ಸ್ಟೇಷನ್ ಹತ್ರ ಒಂದು ಸೀರೆ ಅಂಗಡಿ ಮೇಲೆ ನಮ್ಮ ಕ್ಲಾಸು. ಹೊರದೇಶದ ಹುಡುಗರು ಇಲ್ಲಿನ ಕಾಲೇಜಿಗೆ ಸೇರೋ ಮುಂಚೆ ಒಂದು ವರ್ಷ ನಮ್ಮಲ್ಲಿ ತಯಾರಾಗ್ತಾರೆ. ಇಂಗ್ಲಿಷು, ಲೆಕ್ಕ, ಮೇಷ್ಟ್ರು ಗಡಗಡ ಹೇಳ್ತಿದ್ರೆ ನೋಟ್ಸ್ ಬರ್ಕೊಳೋದು, ಜೊತೆಗೆ ಈ ಊರಿನ ರೀತಿ ರಿವಾಜು. ಕೊನೇದು ನನ್ನ ಸಬ್ಜೆಕ್ಟು. ನಗಬೇಡಿ. ನಾನು ಮಂಡ್ಯ ಬಿಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಭಾಂಡುಪಿನ ಚಾಳಲ್ಲಿ, ಅಂದ್ರೆ ಸಾಲಾಗಿ ಒಂದೊಂದೇ ಕೋಣೆ ಇರೋ ಬಿಲ್ಡಿಂಗಲ್ಲಿ, ನನ್ನ ಪಾಲಿಗೆ ಬಂದಿದ್ದು ಬಾಗಿಲ ಹಿಂದಿನ ಜಾಗ. ಯಾರಾದ್ರೂ ಬಾಗಿಲು ತೆಗೆದ್ರೆ ನಾನು ಚಪಾತಿ. ಊರಲ್ಲಿ ಮುದ್ದೆ ನುಂಗಿದ ಅಭ್ಯಾಸಕ್ಕೆ ವಡಾಪಾವನ್ನೂ ನುಂಗಕ್ಕೆ ಹೋಗಿ ಸಾಯೋ ಹಂಗಾಗಿದ್ದೆ. ಕ್ಲಾಸಲ್ಲಿ ಮಾತ್ರ "ನಮ್ಮ ಬಾಂಬೇಲಿ ಹೀಗೆ" ಅಂತಾನೇ ಶುರು.

ಸುಡಾನಿನ ಹುಡುಗ ಇದ್ರಿಸ್. ಈ ವರ್ಷ ಸೀಟು ಸಿಗದಿದ್ರೆ ಅವನ ವೀಸಾ ಮುಗೀತಿತ್ತು, ಊರಿಗೆ ವಾಪಸ್. ಇಂಟರ್‌ವ್ಯೂ ಹಿಂದಿನ ದಿನ ನಾನು ಅವನಿಗೆ, "ಒಳಗೆ ಹೋದ ತಕ್ಷಣ ಪ್ರಿನ್ಸಿಪಾಲ್ ಮೇಡಂ ಕಾಲು ಮುಟ್ಟು" ಅಂದೆ.

"ಸರ್, ನಾವು ದೇವರಿಗಲ್ಲದೆ ಯಾರಿಗೂ ಬಗ್ಗಲ್ಲ."

"ಇದು ಬಾಂಬೆ ಕಣಪ್ಪ. ಈ ಕ್ಲಾಸಿನ ಓನರ್ ಕಾಲು ಹಿಡಿದ ದಿನಾನೇ ನಂಗೆ ಕೆಲಸ ಸಿಕ್ಕಿದ್ದು. ಸೀಟು ಬೇಕೋ ಬೇಡ್ವೋ?"

ಅವನು ಕೈಲಿದ್ದ ಪುಸ್ತಕ ಮೇಜಿನ ಮೇಲಿಟ್ಟ. ಆಮೇಲೆ ಬಗ್ಗಿದ. "ಇನ್ನೂ ಸ್ವಲ್ಪ ಕೆಳಗೆ" ಅಂದೆ ನಾನು.

ಮಾರನೇ ದಿನ ಮಲಾಡ್‌ನ ಕಾಲೇಜಿಗೆ ನಾನೂ ಜೊತೇಲಿ ಹೋದೆ. ಪ್ರಿನ್ಸಿಪಾಲರ ರೂಮಿನ ಬಾಗಿಲು ತೆಗೆದೇ ಇತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹುಡುಗ ಹುಡುಗಿಯರೆಲ್ಲ ನೋಡ್ತಿದ್ರು. ಇದ್ರಿಸ್ ಮೇಜು ಸುತ್ತಿಕೊಂಡು ಹೋಗಿ, ಬಗ್ಗಿ, ಕಾಲಿಗೆ ಕೈ ಹಾಕಿದ. ಮೇಡಂ ಕುರ್ಚಿ ಸಮೇತ ಹಿಂದಕ್ಕೆ ಸರಿದ್ರು. ಬೆಂಚಿನೋರು ಗೊಳ್ಳಂತ ನಕ್ರು. ಅಭ್ಯಾಸಬಲ, ನಾನೂ ನಕ್ಕುಬಿಟ್ಟೆ. 

"ಅರೇ, ಹೇ ಕಾಯ್?" ಅಂದ್ರು ಮೇಡಂ, ಇದೇನಿದು ಅಂತ. "ಏಳಪ್ಪ. ಮಾರ್ಕ್ಸ್ ನೋಡಿ ನಿನ್ನೆಯೇ ನಿಂಗೆ ಸೀಟು ಕೊಟ್ಟಾಯ್ತು, ಈ ಇಂಟರ್‌ವ್ಯೂ ಬರೀ ಹೆಸರಿಗೆ. ಇದನ್ನ ಯಾರು ಹೇಳಿಕೊಟ್ರು ನಿಂಗೆ?"

ಇದ್ರಿಸ್ ನನ್ನ ಕಡೆ ತಿರುಗಲಿಲ್ಲ. "ಯಾರೂ ಇಲ್ಲ ಮೇಡಂ. ನಾನೇ" ಅಂದ.

ಬಾಗಿಲಲ್ಲಿ ನಿಂತಿದ್ದ ನಾನು, ದಿನಾ ವಟವಟ ಅನ್ನೋನು, ಎರಡು ಹೆಜ್ಜೆ ಹಿಂದೆ ಸರಿದು ಬೆಂಚಿನೋರ ಜೊತೆ ಸೇರ್ಕೊಂಡೆ.

ವಾಪಸ್ ಬರ್ತಾ ಲೋಕಲ್ ಟ್ರೇನಲ್ಲಿ ಏನೋ ಜೋಕ್ ಮಾಡಕ್ಕೆ ನೋಡಿದೆ. ಅವನು ನಗಲಿಲ್ಲ.

"ನಿಮ್ಮೂರಲ್ಲಿ ಯಾರ ಕಾಲು ಮುಟ್ತೀರಿ ಸರ್?"

"ಅಜ್ಜಿದು, ಅಪ್ಪ ಅಮ್ಮಂದು. ಹಬ್ಬಕ್ಕೆ, ಊರು ಬಿಟ್ಟು ಹೊರಟಾಗ."

"ಅವರನ್ನ ಏನು ಕೇಳ್ತೀರಿ?"

"ಏನೂ ಕೇಳಲ್ಲ."

ಹೇಳಿದ ಮೇಲೆ ನಂಗೇ ಒಂಥರಾ ಆಯ್ತು. ಇಲ್ಲಿಗೆ ಬಂದ ಮೇಲೆ ಕೆಲಸಕ್ಕೆ ಬಗ್ಗಿದ್ದೀನಿ, ರೂಮಿಗೆ ಬಗ್ಗಿದ್ದೀನಿ. ಈ ಸಲ ಊರಿಗೆ ಹೋಗಿ ಅಜ್ಜಿ ಕಾಲಿಗೆ ಬಿದ್ರೆ, ಬಿದ್ದಿದ್ದು ಮೊಮ್ಮಗನೋ ಬಾಂಬೆಯವನೋ, ನಂಗೇ ಗೊತ್ತಾಗಲ್ಲ.

ದಾದರ್ ಬಂತು. ಇಳಿಯೋ ಜನರ ನೂಕಾಟದಲ್ಲಿ ಅವನು ಮೆಲ್ಲಗೆ ಹೇಳಿದ: "ಮುಂದಿನ ವರ್ಷ ನನ್ನ ತಮ್ಮ ನಿಮ್ಮ ಕ್ಲಾಸಿಗೇ ಬರ್ತಾನೆ ಸರ್. ಅವನಿಗೆ ಇಂಗ್ಲಿಷ್ ಚೆನ್ನಾಗಿ ಕಲಿಸಿ. ಇದೊಂದು ಬೇಡ."