ಹಾರದ ಹಡಗು

ಅವರ ಎಡ ಹುಬ್ಬು ಅರ್ಧಕ್ಕೇ ನಿಂತುಬಿಟ್ಟಿತ್ತು. ಪ್ರಯೋಗಾಲಯದ ಸ್ಪಿರಿಟ್ ದೀಪ ಸುಟ್ಟದ್ದು. ಇಲ್ಲದ ಅರ್ಧವನ್ನು ತೀಡಿಕೊಳ್ಳುವ ಗೋಜಿಗೆ ಅವರು ಹೋಗಲಿಲ್ಲ. ಕೊಟ್ಟೂರಿನ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಮೇಡಂ, ನಾನು ಆಗಷ್ಟೇ ಸೇರಿದ್ದ ಕಂಪ್ಯೂಟರ್ ಟೀಚರ್. ಎರಡು ಸಾವಿರನೇ ಇಸವಿಯ ಆಚೀಚಿನ ವರ್ಷಗಳು. ಕರೆಂಟು ಹೋದಾಗಲೆಲ್ಲ ಅವರ ಕೋಣೆಗೆ ಹೋಗುತ್ತಿದ್ದೆ. ಮಂಡಕ್ಕಿ ಮುಂದಿಟ್ಟು, "ತಿನ್ನು, ಮಾತು ಆಮ್ಯಾಲೆ" ಎನ್ನುತ್ತಿದ್ದರು.

ವಸ್ತುಪ್ರದರ್ಶನಕ್ಕೆಂದು ನನ್ನ ವಿದ್ಯಾರ್ಥಿನಿಯರು ಒಂದು ಗೇಮ್ ಬರೆದಿದ್ದರು. ಗುಂಡಿ ಒತ್ತಿದರೆ ಆಕಾಶದ ಹಡಗು ಬೆಳಕಿಗಿಂತ ವೇಗವಾಗಿ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಿಗಿಯುತ್ತಿತ್ತು. ಮೇಡಂ ನೋಡಿ ಕೇಳಿದರು:

"ಇದಕ್ಕ ಶಕ್ತಿ ಎಲ್ಲಿಂದ ಬರತೈತಿ?"

"ಇದು ಬರೀ ಗೇಮ್ ಐತ್ರಿ ಮೇಡಂ," ಎಂದಳೊಬ್ಬಳು.

"ಆಗಲಿ. ಒಂದು ಸಾಸಿವಿಕಾಳನ್ನ ಬೆಳಕಿನ ವೇಗಕ್ಕ ಮುಟ್ಟಸಾಕ ಲೋಕದಾಗಿನ ಶಕ್ತಿ ಎಲ್ಲಾ ಸುರದ್ರೂ ಸಾಲಂಗಿಲ್ಲ. ನೀವು ಅದನ್ನ ದಾಟತೀವಿ ಅಂತೀರಿ. ದಾಟ್ರಿ. ಪುಕ್ಕಟೆ ದಾಟಬ್ಯಾಡ್ರಿ."

ಅವರು ಹೇಳಿದಂತೆ ನಿಯಮ ಬದಲಾಯಿತು: ಜಿಗಿದಾಗಲೆಲ್ಲ ನಕ್ಷೆಯ ಒಂದು ಗ್ರಹ ಪೂರ್ತಿ ಉರಿದು ಕಪ್ಪಾಗಬೇಕು. ಹುಡುಗಿಯರಿಗೆ ಇನ್ನೂ ಮಜವಾಯಿತು. ಗ್ರಹ ಆರಿದರೆ ಚಪ್ಪಾಳೆ ತಟ್ಟುತ್ತಿದ್ದರು. ಪ್ರದರ್ಶನದ ದಿನ ಹುಡುಗಿಯರು ಮೇಡಂ ಅವರನ್ನೇ ಆಡಲು ಕೂರಿಸಿದರು. ಅವರ ಹಡಗಿನಲ್ಲಿ ರೋಗಿಗಳಿದ್ದರು, ಹೊತ್ತಿಗೆ ಮುಟ್ಟಿಸಬೇಕಿತ್ತು.

"ಒತ್ರಿ ಮೇಡಂ!"

ಗುಂಡಿಯ ಮೇಲಿಟ್ಟ ಬೆರಳನ್ನು ಅವರು ಹಿಂದಕ್ಕೆ ತೆಗೆದರು. "ಅಲ್ಲಿ ಯಾರರ ಇರಬೌದು," ಎಂದವರೇ ಎದ್ದು ಹೊರಗೆ ನಡೆದರು.

ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೂತು ನನಗೆ ಹೇಳಿದರು. ಅವರಿನ್ನೂ ಓದುತ್ತಿದ್ದಾಗ ತಮ್ಮನಿಗೆ ಹಾವು ಕಚ್ಚಿತ್ತು. ಗುಡೇಕೋಟೆಯಿಂದ ಕೂಡ್ಲಿಗಿ ಆಸ್ಪತ್ರೆಗೆ ಹೊರಟ ಜೀಪು ಗುಡ್ಡಗಳ ನಡುವೆ ಡೀಸೆಲ್ ಮುಗಿದು ನಿಂತಿತು. ಎದುರಿನಿಂದ ಇನ್ನೊಂದು ಜೀಪು ಬಂತು. ಹೆರಿಗೆ ಕಷ್ಟವಾದ ಹೆಂಗಸೊಬ್ಬಳನ್ನು ಅದರಲ್ಲಿ ಬಳ್ಳಾರಿಗೆ ಒಯ್ಯುತ್ತಿದ್ದರು. ಇವರು ಆ ಜೀಪಿನ ಡ್ರೈವರನ ಕಾಲು ಹಿಡಿದುಕೊಂಡು ಬಿಡಲಿಲ್ಲ. ಅವನು ಟ್ಯಾಂಕಿಗೆ ಪೈಪು ಇಳಿಸಿ ಡೀಸೆಲ್ ತೆಗೆದುಕೊಟ್ಟ. ತಮ್ಮ ಉಳಿದ. ಆ ಜೀಪು ಬಳ್ಳಾರಿ ಮುಟ್ಟುವ ಮೊದಲೇ ದಾರಿಯಲ್ಲಿ ನಿಂತುಹೋಯಿತಂತೆ. ತಾಯಿ, ಕೂಸು ಎರಡೂ ಹೋದವು.

"ಪೈಪು ಹಾಕೋ ಮುಂದ ಆಕಿ ನನ್ನನ್ನೇ ನೋಡಾಕತ್ತಿದ್ಲು ತಂಗಿ. ಈಗೂ ನೋಡತಾಳ. ಪಾಠ ಮಾಡೋ ಮುಂದ ಕಡೀ ಬೆಂಚಿನಾಗ ಕುಂತಿರತಾಳ."

"ನಿಮ್ಮ ತಮ್ಮಗ ಇದು ಗೊತ್ತೈತೇನ್ರಿ?"

"ಹೆಂಗ ಹೇಳಲಿ? ಅವನರ ನೆಮ್ಮದಿಯಿಂದ ಬದುಕಲಿ."

ಆಮೇಲೆ ಅವರ ಮನೆಯಲ್ಲಿ ತಮ್ಮನನ್ನು ಕಂಡೆ. ರೊಟ್ಟಿ ಬಡಿಸುವಾಗ ಅವರು ಅವನ ತಟ್ಟೆಯನ್ನಷ್ಟೇ ನೋಡುತ್ತಿದ್ದರು.

ನಿವೃತ್ತಿಗೆ ಮುಂಚೆಯೇ ಮೇಡಂ ತೀರಿಕೊಂಡರು. ಮಣ್ಣು ಮಾಡಿ ಎಲ್ಲರೂ ತಿರುಗಿದ ಮೇಲೆ ತಮ್ಮ ನನ್ನ ಹತ್ತಿರ ಬಂದ.

"ಟೀಚರ್ರೇ, ಅಕ್ಕ ಒಂದಿನಾನೂ ನನ್ನ ಮಾರಿ ನೋಡಿ ಮಾತಾಡ್ಲಿಲ್ಲ. ನಾನೇನು ತಪ್ಪು ಮಾಡಿದ್ದೆ? ನಿಮಗ ಏನರ ಹೇಳ್ಯಾಳೇನ್ರಿ?"

"ನಿಮ್ಮಿಂದ ಏನೂ ತಪ್ಪಾಗಿಲ್ರಿ," ಎಂದೆ.

ಅವನು ತಲೆಯಾಡಿಸಿದ, ನಂಬಲಿಲ್ಲ. ಉಳಿದದ್ದನ್ನು ಇವತ್ತಿಗೂ ಅವನಿಗೆ ಹೇಳಿಲ್ಲ. ಮೇಡಂ ಅಷ್ಟು ವರ್ಷ ಒಬ್ಬರೇ ಹೊತ್ತದ್ದು ಈಗ ನನ್ನ ಹತ್ತಿರವಿದೆ.