ಗುರ್ ಎನ್ನದ ನಾಯಿ

೨೦೦೬ರಲ್ಲಿ ನಾನು ಸೇನೆಯ ಶ್ವಾನ ಘಟಕದಿಂದ ಹವಾಲ್ದಾರನಾಗಿ ನಿವೃತ್ತನಾಗಿ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನೆಲೆಸಿದ್ದೆ. ಸುಮ್ಮನೆ ಕೂತು ಅಭ್ಯಾಸವಿಲ್ಲ. ಮನೆನಾಯಿಗಳಿಗೆ ನಡವಳಿಕೆ ಕಲಿಸುವ ಕೆಲಸ ಹಿಡಿದೆ. ಅದಿರಿನ ದುಡ್ಡು ಹರಿಯುತ್ತಿದ್ದ ಕಾಲ ಅದು. ಸಂಡೂರು ರಸ್ತೆಯಲ್ಲಿ ಹೊಸ ಬಂಗಲೆಗಳು ಎದ್ದವು, ಬಂಗಲೆಗೊಂದು ವಿದೇಶಿ ತಳಿಯ ನಾಯಿ ಬಂತು. ತರುವುದು ಎಲ್ಲರಿಗೂ ಗೊತ್ತಿತ್ತು, ಸಾಕುವುದು ಗೊತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಗಾದಿಗನೂರು ಕಡೆಯ ಒಂದು ಬಂಗಲೆಯಿಂದ ಅನ್ನಪೂರ್ಣ ಎಂಬ ಹೆಣ್ಣುಮಗಳು ಫೋನ್ ಮಾಡಿದರು. "ನಮ್ಮ ನಾಯೀನ ಒಮ್ಮಿ ಬಂದು ನೋಡ್ರಿ ಸರ್. ನನಗ ಭಾಳ ಹೆದರಿಕಿ ಆಗೈತಿ."

ಬೊಗಳುತ್ತದೆಯೇ, ಮೈಮೇಲೆ ಹಾರುತ್ತದೆಯೇ ಎಂದು ಕೇಳಿದೆ.

"ಏನೂ ಮಾಡಂಗಿಲ್ರಿ. ಅದಕ್ಕ ಹೆದರಿಕಿ."

ಮರುದಿನ ಹೋದೆ. ಅನ್ನಪೂರ್ಣರ ಮಾವ ಮರಿಬಸಪ್ಪನವರು ಒಂದು ಲಾರಿಯಿಂದ ಶುರುಮಾಡಿ ದೊಡ್ಡ ಅದಿರು ಸಾಗಣೆದಾರರಾದವರು. ಹಾಲಿನಲ್ಲಿ ಅವರ ಕಾಲ ಬಳಿ ಕರಿಯ ರಾಟ್‌ವೀಲರ್ ಕೂತಿತ್ತು. ಕಾವಲಿಗೆಂದೇ ಬೆಳೆಸಿದ ತಳಿ. ಕುತ್ತಿಗೆ ನನ್ನ ತೊಡೆಯಷ್ಟು ದಪ್ಪ. ಹೆಸರು ಲಕ್ಕಿ.

"ನೋಡ್ರಿ ಹವಾಲ್ದಾರ್ರ, ಎಂಥಾ ಸಂಸ್ಕಾರ!" ಎಂದರು. "ಮೊದಲ ಬಂದ ಮಂದೀಗೆಲ್ಲ ಗುರ್ ಅಂತಿತ್ತು. ಅದಿರು ಕೊಳ್ಳಾಕ ಬಂದವರ ಮುಂದ ಮರ್ಯಾದಿ ಹೋತು. ಗುರ್ ಅಂದಾಗೊಮ್ಮೆ ಮೂತಿಗೆ ಬೆತ್ತ ಬಿಗಿದೆ. ಈಗ ಸೊಲ್ಲಿಲ್ಲ."

ಅನ್ನಪೂರ್ಣರ ಹೆದರಿಕೆ ನನಗೆ ಅರ್ಥವಾಯಿತು. ನಾಯಿ ಎಂದೂ ಏಕಾಏಕಿ ಕಚ್ಚುವ ಪ್ರಾಣಿಯಲ್ಲ. ಮೊದಲು ಮೈ ಬಿಗಿಯುತ್ತದೆ, ಓರೆಗಣ್ಣಿನಲ್ಲಿ ಬಿಳಿ ಕಾಣುತ್ತದೆ, ತುಟಿ ಮೇಲೇಳುತ್ತದೆ, ಆಮೇಲೆ ಗುರ್ ಎನ್ನುತ್ತದೆ. ಅದೇ ನಾಯಿ ನಮಗೆ ಕೊಡುವ ಕಡೆಯ ಎಚ್ಚರಿಕೆ. ಬೆತ್ತ ಆ ಎಚ್ಚರಿಕೆಯನ್ನಷ್ಟೇ ಅಳಿಸಿತ್ತು. ಒಳಗಿನ ಭಯ ಹಾಗೇ ಇತ್ತು.

ತೋಟದ ಮಾಲಿ ಹುಲಗಪ್ಪನ ಬಲಗೈಗೆ ಬ್ಯಾಂಡೇಜು ಸುತ್ತಿತ್ತು. ಏನಾಯಿತೆಂದು ಕೇಳಿದೆ.

"ಬಕೀಟು ಎತ್ತಾಕ ಬಗ್ಗಿದೆನ್ರಿ ಸಾಹೇಬ್ರ. ಅದು ಸದ್ದು ಮಾಡಲಿಲ್ಲ, ಬಾಲ ಅಳ್ಳಾಡಸಲಿಲ್ಲ. ನೋಡೂದ್ರಾಗ ಕೈ ಅದರ ಬಾಯಾಗಿತ್ತು."

ಅನ್ನಪೂರ್ಣ ಮಗಳನ್ನು ಕಂಕುಳಿಂದ ಕೆಳಗಿಳಿಸದೆ ನಿಂತಿದ್ದರು. "ಮಾವಾರ, ಚಿನ್ನು ಈಗ ಅಂಬೆಗಾಲು ಇಡಾಕ ಹತ್ಯಾಳ. ನಾಯಿ ಇರಲಿ, ಇಲ್ಲಾ ನಾವಿರತೀವಿ. ಕೂಸು ಕರ್ಕೊಂಡು ಕಂಪ್ಲಿಗೆ, ತವರಿಗೆ ಹೊಕ್ಕೀನಿ."

"ಲಕ್ಕಿ ಈ ಹೊಸ್ತಿಲು ದಾಟಿ ಬಂದ ಮ್ಯಾಲೇ ಅದಿರಿಗೆ ರೇಟು ಬಂದಿದ್ದು. ಲಕ್ಷ್ಮೀನ ಹೊರಗ ಹಾಕು ಅಂತೀಯೇನವ್ವಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ರಾತ್ರಿ ಬೆಳಗಾಗುವುದರಲ್ಲಿ ಬಂದ ಸಿರಿ ಹೇಗೆ ಬಂತೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದೃಷ್ಟವೆಂದರೆ ಒಬ್ಬರಿಗೆ ಕಾರಿನ ನಂಬರು, ಒಬ್ಬರಿಗೆ ಉಂಗುರ, ಇವರಿಗೆ ನಾಯಿ. ಕೊನೆಗೆ ನಾಯಿಯನ್ನು ತಿದ್ದಲು ನನಗೆ ಒಂದು ತಿಂಗಳ ಗಡುವಾಯಿತು.

ನಾನು ಷರತ್ತು ಹಾಕಿದೆ. ಬೆತ್ತ ಮನೆಯಿಂದ ಹೊರಗೆ ಹೋಗಬೇಕು. ಹಾಲಿಗೂ ಹಿಂದಿನ ಪಡಸಾಲೆಗೂ ನಡುವಿನ ಗ್ರಿಲ್ ಸದಾ ಚಿಲಕ ಹಾಕಿರಬೇಕು; ನಾಯಿ ಅತ್ತ, ಮಗು ಇತ್ತ. ನಾಯಿಯನ್ನು ಯಾರೂ ಹೊಡೆಯಕೂಡದು.

"ಗುರ್ ಅಂದ್ರ?" ಎಂದರು ಮರಿಬಸಪ್ಪನವರು.

"ಗುರ್ ಅಂದ್ರಂತೂ ಹೊಡೀಲೇಬಾರದು."

ನನ್ನ ಪದ್ಧತಿ ಸರಳ. ಬೇಯಿಸಿದ ಕೋಳಿ ಲಿವರಿನ ಸಣ್ಣ ಚೂರುಗಳು, ಮತ್ತು 'ಶಭಾಷ್' ಎಂಬ ಒಂದು ಮಾತು. ನಾಯಿ ಸರಿಯಾದದ್ದನ್ನು ಮಾಡಿದ ಕ್ಷಣದಲ್ಲೇ 'ಶಭಾಷ್', ಹಿಂದೆಯೇ ಚೂರು. ತಪ್ಪಿದರೆ ಏಟಿಲ್ಲ, ಚೂರೂ ಇಲ್ಲ. ಯಾವುದರಿಂದ ಲಾಭವೆಂದು ನಾಯಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.

ಮರಿಬಸಪ್ಪನವರು ನಕ್ಕರು. "ಲಂಚ ಕೊಟ್ಟು ಕೆಲಸ ಮಾಡಿಸ್ಕೊಳ್ಳೂದು ನಮಗ ನೀವು ಹೇಳಿಕೊಡಬೇಕೇನ್ರಿ?"

"ಲಂಚ ಕೆಲಸಕ್ಕ ಮುಂಚೆ ಕೊಡ್ತಾರ್ರಿ ಯಜಮಾನ್ರ. ಇದು ಪಗಾರ. ಕೆಲಸ ಆದ ಮ್ಯಾಲ."

ಮೊದಲ ದಿನಗಳಲ್ಲಿ ಲಕ್ಕಿ ನನ್ನ ಕೈಯಿಂದ ತಿನ್ನಲಿಲ್ಲ. ಕೈ ಎತ್ತಿದರೆ ಸಾಕು, ಮೂತಿ ನೆಲಕ್ಕೆ ಇಳಿಸಿ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ನಾನು ಚೂರನ್ನು ದೂರಕ್ಕೆ ಎಸೆದು ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಮೆಲ್ಲಗೆ ಹತ್ತಿರ ಬಂತು. ಕರೆದರೆ ಬರುವುದು, ಚಾಪೆಯ ಮೇಲೆ ಮಲಗುವುದು ಕಲಿಯಿತು. ಹಾಲಿನಲ್ಲಿ ಮಗುವಿನ ದನಿ ಕೇಳಿದಾಗಲೆಲ್ಲ ಒಂದು ಚೂರು ಬೀಳುತ್ತಿತ್ತು. ಆ ದನಿ ಒಳ್ಳೆಯದರ ಸೂಚನೆ ಎಂದು ಅದಕ್ಕೆ ಅನಿಸಲಿ ಎಂದು. ಆದರೆ ಸದ್ದು ಮಾತ್ರ ಹೊರಡಲಿಲ್ಲ. ಗಡಿಯಲ್ಲಿ ಸ್ಫೋಟಕ ಹುಡುಕುವ ನಾಯಿಯ ಹಿಂದೆ ನಡೆದವನು ನಾನು. ಆ ಬಂಗಲೆಯ ಗ್ರಿಲ್ ತೆರೆಯುವಾಗ ಮಾತ್ರ ದಿನವೂ ಒಂದು ಕ್ಷಣ ನಿಂತು ನಾಯಿ ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದೆ. ಅದು ಹತ್ತಿರವಿದ್ದಾಗ ಒಮ್ಮೆಯೂ ಬೆನ್ನು ಕೊಡಲಿಲ್ಲ.

ಗಡುವು ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಲಕ್ಕಿ ಪಡಸಾಲೆಯ ಚಾಪೆಯ ಮೇಲೆ ಮೂಳೆ ಕಡಿಯುತ್ತಿತ್ತು. ನಾನು ಆಚೆ ತುದಿಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಮರಿಬಸಪ್ಪನವರು ಹೊರಗಿನಿಂದ ಬಂದವರು ನನ್ನೊಂದಿಗೆ ಮಾತಾಡಲು ಗ್ರಿಲ್ ದಾಟಿದರು. ಕೈಯಲ್ಲಿ ವಾಕಿಂಗ್ ಸ್ಟಿಕ್ ಇತ್ತು. ಚಿಲಕ ಹಾಕಲಿಲ್ಲ. ಅಜ್ಜನ ಹಿಂದೆಯೇ ಮಗು ಅಂಬೆಗಾಲಿಡುತ್ತ ಬಂತು. ನಾನು ತಿರುಗಿ ನೋಡುವಷ್ಟರಲ್ಲಿ ಅದು ಚಾಪೆಯ ಅಂಚಿನಲ್ಲಿತ್ತು. ಕೈ ಮೂಳೆಯ ಕಡೆ ಚಾಚಿತ್ತು.

ಲಕ್ಕಿ ಕಡಿಯುವುದನ್ನು ನಿಲ್ಲಿಸಿತು. ಮೈ ಕಲ್ಲಾಯಿತು. ಕಣ್ಣಿನ ಬಿಳಿ ಕಂಡಿತು. ಹುಲಗಪ್ಪನ ಕೈ ನೆನಪಾಯಿತು. ನಾನು ದೂರವಿದ್ದೆ, ಓಡಿದರೆ ನಾಯಿ ಬೆದರುತ್ತದೆ.

ಆಗ ಅದರ ಎದೆಯಾಳದಿಂದ ಸಣ್ಣಗೆ, ಎಣ್ಣೆ ಕಾಣದ ಕೀಲಿನ ಬಾಗಿಲಿನಂತೆ, ಒಂದು ಸದ್ದು ಹೊರಟಿತು. ಗುರ್.

ಮಗು ಚಾಚಿದ ಕೈಯನ್ನು ಹಾಗೇ ಹಿಡಿದು ನಾಯಿಯ ಮುಖ ನೋಡಿತು.

"ಏ, ನಿನ್ನೌನ!" ಎಂದು ಮರಿಬಸಪ್ಪನವರು ಕೋಲು ಎತ್ತಿದರು.

"ಹೊಡೀಬ್ಯಾಡ್ರಿ! ನಿಂದ್ರಿ ಅಲ್ಲೇ!" ಪರೇಡಿನ ದನಿಯಲ್ಲೇ ಕೂಗಿದೆ. ಅವರು ನಿಂತರು. ಜೇಬಿನಲ್ಲಿದ್ದ ಚೂರುಗಳನ್ನೆಲ್ಲ ಮಗುವಿನಿಂದ ದೂರ, ಅಂಗಳದ ಕಡೆ ಎಸೆದು, "ಲಕ್ಕಿ, ಬಾ" ಎಂದೆ. ನಾಯಿ ಎತ್ತಿದ ಕೋಲನ್ನು ನೋಡಿತು, ನನ್ನನ್ನು ನೋಡಿತು. ಆಮೇಲೆ ಮೂಳೆ ಬಿಟ್ಟು ಎದ್ದು ಅಂಗಳಕ್ಕಿಳಿಯಿತು. ಅಡುಗೆಮನೆಯ ಬಾಗಿಲಲ್ಲಿ ಬಿಳಿಚಿಕೊಂಡಿದ್ದ ಅನ್ನಪೂರ್ಣ ಬಂದು ಮಗುವನ್ನು ಬಾಚಿಕೊಂಡರು. ನಾನು "ಶಭಾಷ್" ಎಂದೆ.

"ತಿಂಗಳಿಡೀ ಕಲಿಸಿದ್ದು ಇದೇ ಏನ್ರಿ? ಕೂಸಿಗೆ ಗುರ್ ಅನ್ನೂದು?" ಎಂದರು ಮರಿಬಸಪ್ಪನವರು.

ನಾನು ಉತ್ತರಿಸುವ ಮೊದಲೇ ಅನ್ನಪೂರ್ಣ ಹೇಳಿದರು: "ಮಾವಾರ, ಇವತ್ತ ಅದು ಹೇಳ್ತು. ಹುಲಗಪ್ಪಗ ಹೇಳಿರಲಿಲ್ಲ."

ಮರಿಬಸಪ್ಪನವರು ಎತ್ತಿದ್ದ ಕೋಲನ್ನು ಕೆಳಗಿಳಿಸಿದರು. "ನಾ ಹೊಡದಿದ್ರ?" ಎಂದರು.

"ಮತ್ತ ಬಾಯಿ ಮುಚ್ಚತಿತ್ರಿ. ಮುಂದಿನ ಸಲ ಹಲ್ಲೇ ಮಾತಾಡತಿದ್ವು."

ನಾಯಿ ಪೂರ್ತಿ ಸರಿಹೋಯಿತೆಂದು ನಾನು ಹೇಳಲಿಲ್ಲ, ಹೇಳಿದ್ದರೆ ಸುಳ್ಳಾಗುತ್ತಿತ್ತು. ಹಿತ್ತಲಲ್ಲಿ ಅದಕ್ಕೆ ಬೇಲಿ ಹಾಕಿದ ಜಾಗವಾಯಿತು. ಮಗು ಇದ್ದಲ್ಲಿ ಅದನ್ನು ಬಿಡಕೂಡದು ಎಂಬ ಮಾತಿಗೆ ಮರಿಬಸಪ್ಪನವರೇ ಕಾವಲಾದರು. ಅನ್ನಪೂರ್ಣ ತವರಿಗೆ ಹೋಗಲಿಲ್ಲ.

ಸದ್ದಿಲ್ಲದಿರುವುದೇ ಒಳ್ಳೆಯ ನಡತೆಯಲ್ಲ ಎಂಬುದನ್ನು ನನಗೆ ಮನದಟ್ಟು ಮಾಡಿಸಿದ್ದು ಆ ಮನೆ. ಈಗಲೂ ಜನ ನಾಯಿ ತೋರಿಸಲು ಕರೆಯುತ್ತಾರೆ. ಕಚ್ಚುತ್ತದೆ ಎಂದರೂ ಹೋಗುತ್ತೇನೆ, ಬೊಗಳುತ್ತದೆ ಎಂದರೂ ಹೋಗುತ್ತೇನೆ. "ಭಾಳ ಶಾಂತ ಐತ್ರಿ, ಗುರ್ ಅನ್ನೂದೇ ಇಲ್ಲ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಮಾತ್ರ, ಗೇಟು ತೆಗೆಯುವ ಮೊದಲು ಕೇಳುತ್ತೇನೆ: "ಮಕ್ಕಳು ಎಲ್ಲಿದ್ದಾರ್ರಿ?"